ಒಬ್ಬನೇ ಕೂರುವವನಿಗೆ ಸಂಘ ಯಾಕೆ?

ಬುದ್ಧ, ಧಮ್ಮ, ಸಂಘ ಎಂಬ ಮೂರು ಶರಣುಗಳಲ್ಲಿ ಮೊದಲ ಎರಡನ್ನು ಮನೆಯಲ್ಲೇ ಕೂತು ತಕ್ಕಮಟ್ಟಿಗೆ ಪಡೆಯಬಹುದು. ಬುದ್ಧನ ಬದುಕಿನ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಧಮ್ಮಪದಕ್ಕೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಜಿ.ಪಿ. ರಾಜರತ್ನಂ ಅವರಂಥವರು ಪಾಳಿ ಕಲಿತು ನಮ್ಮ ಭಾಷೆಗೆ ತಂದುಕೊಟ್ಟದ್ದು ಬಹಳ ಇದೆ. ಮೂರನೆಯದಾದ ಸಂಘವನ್ನು ಮಾತ್ರ ಹೀಗೆ ಅಂಚೆಯಲ್ಲಿ ತರಿಸಿಕೊಳ್ಳಲಾಗುವುದಿಲ್ಲ. ಅದಕ್ಕೆ ಬೇರೆ ಮನುಷ್ಯರು ಬೇಕು. ಅರಕಲಗೂಡಿನಂಥ ತಾಲ್ಲೂಕು ಕೇಂದ್ರದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬನೇ ಕಣ್ಣು ಮುಚ್ಚಿ ಕೂರುವವನು ಆ ಮನುಷ್ಯರನ್ನು ಎಲ್ಲಿ ಹುಡುಕಬೇಕು? ಅವರು ಮೊಬೈಲಿನ ಪರದೆಯ ಮೇಲೆ ಸಿಕ್ಕರೆ ಅದನ್ನು ಸಂಘ ಎನ್ನಬಹುದೇ? ಎರಡು ವರ್ಷದಿಂದ ಈ ಪ್ರಶ್ನೆ ನನ್ನ ಜೊತೆಗಿದೆ.

ನಾನು ಒಕ್ಕಲಿಗರ ಬೇಸಾಯದ ಮನೆಯವನು. ಮನೆ ಅರಕಲಗೂಡಿನಲ್ಲಿ, ಪಾಠ ಮಾಡುವುದು ಹೊಳೆನರಸೀಪುರದಲ್ಲಿ, ಹೆಂಡತಿಯ ತವರು ಚನ್ನರಾಯಪಟ್ಟಣದ ಕಡೆ. ದೊಡ್ಡ ಆಸ್ಪತ್ರೆ, ದೊಡ್ಡ ಅಂಗಡಿ ಎಂದರೆ ಹಾಸನ. ಈ ನಾಲ್ಕು ಊರುಗಳ ನಡುವೆಯೇ ನನ್ನ ಓಡಾಟ. ಒಂಬತ್ತು ವರ್ಷದ ಹಿಂದೆ ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿಬಂದೆ. ಅಲ್ಲಿ ಒಂಬತ್ತು ದಿನ ಯಾರೂ ಯಾರೊಂದಿಗೂ ಮಾತಾಡುವಂತಿಲ್ಲ. ಹತ್ತನೆಯ ದಿನ ಮೌನ ಮುರಿದು ಪಕ್ಕದವನ ಹೆಸರು ಕೇಳುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ದಿನಕ್ಕೆ ಎರಡು ಗಂಟೆ ಕೂರಿ, ವಾರಕ್ಕೊಮ್ಮೆ ಇತರ ಸಾಧಕರ ಜೊತೆ ಕೂರಿ ಎಂದು ಹೇಳಿ ಕಳಿಸುತ್ತಾರೆ. ಮೊದಲನೆಯದನ್ನು ಆದಷ್ಟು ಪಾಲಿಸಿದೆ. ಎರಡನೆಯದಕ್ಕೆ ನಮ್ಮೂರಿನಲ್ಲಿ ಜನ ಇರಲಿಲ್ಲ.

ಧರ್ಮದ ವಿಷಯದಲ್ಲಿ ನಮ್ಮ ಸೀಮೆ ಬಡವಾಗಿಲ್ಲ. ಹೊಳೆನರಸೀಪುರದಲ್ಲಿ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಕಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಶಂಕರರ ಭಾಷ್ಯಗಳನ್ನು ಕನ್ನಡದಲ್ಲಿ ಓದಬೇಕೆನ್ನುವವರಿಗೆ ಅದು ದೊಡ್ಡ ಆಸರೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಶ್ರವಣಬೆಳಗೊಳವಿದೆ. ಅರಕಲಗೂಡಿನಿಂದ ಕೊಣನೂರಿನ ಮೇಲೆ ಕುಶಾಲನಗರಕ್ಕೆ ಹೋಗಿ ಹೊಳೆ ದಾಟಿದರೆ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದ ಊರು ಅದು. 1963ರಲ್ಲಿ ಪೆನೋರ್ ರಿಂಪೋಚೆ ಅವರು ಶುರುಮಾಡಿದ ನಾಮ್‌ಡ್ರೋಲಿಂಗ್ ಮಠ ಅಲ್ಲಿದೆ. ನಮ್ಮ ಜನ ಗೋಲ್ಡನ್ ಟೆಂಪಲ್ ಎಂದು ಶಾಲೆಯ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಜಾಗ ಅದೇ. ನಾನೂ ಹಲವು ಸಲ ಹೋಗಿದ್ದೇನೆ. ದೊಡ್ಡ ಬುದ್ಧನ ಮುಂದೆ ಕೂತು, ಕಹಳೆ ಮತ್ತು ಮಂತ್ರದ ಸದ್ದು ಕೇಳಿ ಬಂದಿದ್ದೇನೆ. ಆದರೆ ಅವರ ಪ್ರಾರ್ಥನೆ ಟಿಬೆಟನ್ ಭಾಷೆಯಲ್ಲಿ, ನನ್ನ ಗೊಂದಲ ಕನ್ನಡದಲ್ಲಿ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇದೆ. ವಾರವಾರ ಹೋಗಿಬರುವ ದೂರವಲ್ಲ ಅದು.

ಜೊತೆ ಯಾಕೆ ಬೇಕು ಎನಿಸಿತು ಅಂದರೆ, ಒಂದು ದಿನ ರಾತ್ರಿ ಊಟ ಮಾಡುವಾಗ ಹೆಂಡತಿ ಕೇಳಿದಳು: “ರೀ, ನೀವು ನಿಜವಾಗ್ಲೂ ಶಾಂತವಾಗಿದೀರೋ, ಇಲ್ಲ ನಮ್ಮಿಂದ ದೂರ ಆಗ್ಬಿಟ್ಟಿದೀರೋ?” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ಕಣ್ಣು ಮುಚ್ಚಿ ಕೂತರೆ ಪ್ರಯೋಜನವಿಲ್ಲ. ಉಪೇಕ್ಷೆ ಮತ್ತು ಉದಾಸೀನ ಎರಡೂ ಒಳಗಿನಿಂದ ನೋಡಿದಾಗ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಮನಸ್ಸು ಕದಲುವುದಿಲ್ಲ. ಎರಡೂ ಹಿತವಾಗಿರುತ್ತವೆ. ಉದಾಸೀನಕ್ಕೆ ಉಪೇಕ್ಷೆಯ ಹತ್ತಿರದ ಶತ್ರು ಎಂಬ ಹೆಸರನ್ನೇ ಬೌದ್ಧ ಆಚಾರ್ಯರು ಕೊಟ್ಟಿದ್ದಾರೆ. ನೋಡಲು ಮಿತ್ರನ ಹಾಗಿದ್ದು ಒಳಗೆ ಬಂದು ಕೂರುವ ಶತ್ರು. ಇದು ಯಾವುದು, ಅದು ಯಾವುದು ಎಂದು ಬಿಡಿಸಿ ಹೇಳಲು ಹೊರಗಿನ ಕಣ್ಣು ಬೇಕು. ಹೆಂಡತಿ ನೋಡುತ್ತಾಳೆ, ಆದರೆ ಅವಳು ಧ್ಯಾನ ಮಾಡಿದವಳಲ್ಲ. ಗೆಳೆಯರ ಹತ್ತಿರ ಹೇಳಿದರೆ “ಮೇಷ್ಟ್ರು ಸನ್ಯಾಸಿ ಆಗ್ತಾರೆ ಕಣ್ರೋ” ಎಂದು ನಗುತ್ತಾರೆ. ಈ ದಾರಿಯನ್ನೂ ಬಲ್ಲ, ನನ್ನನ್ನೂ ಬಲ್ಲ ಇನ್ನೊಬ್ಬ ಮನುಷ್ಯ ಬೇಕು ಅನ್ನಿಸಿದ್ದು ಆಗ.

ಒಂಟಿತನವನ್ನು ಹೊಗಳುವ ಮಾತು ಬೌದ್ಧ ಗ್ರಂಥಗಳಲ್ಲಿ ಇಲ್ಲದಿಲ್ಲ. ಸುತ್ತನಿಪಾತದ ಖಗ್ಗವಿಸಾಣ ಸುತ್ತ ಪ್ರಸಿದ್ಧ. ಖಡ್ಗಮೃಗದ ಒಂಟಿ ಕೊಂಬಿನಂತೆ ಒಬ್ಬನೇ ಸಂಚರಿಸು ಎಂಬುದು ಅದರ ಪಲ್ಲವಿ. ಅದೇ ಸುತ್ತದ ನಡುವೆ, ಜಾಣನೂ ಸದಾಚಾರಿಯೂ ಆದ ಜೊತೆಗಾರ ಸಿಕ್ಕರೆ ಅವನ ಜೊತೆ ಹೋಗು ಎಂಬ ಮಾತೂ ಬರುತ್ತದೆ. ಒಂಟಿಯಾಗಿರುವುದು ಅಲ್ಲಿ ಒಳ್ಳೆಯ ಜೊತೆ ಸಿಗದಾಗಿನ ದಾರಿ. ಸಂಯುತ್ತ ನಿಕಾಯದ ಉಪಡ್ಢ ಸುತ್ತದಲ್ಲಿ ಆನಂದ ಬಂದು, ಕಲ್ಯಾಣಮಿತ್ರರ ಸಹವಾಸವೆಂದರೆ ಈ ಸಾಧನೆಯ ಅರ್ಧಭಾಗ ಎನ್ನುತ್ತಾನೆ. ಬುದ್ಧ ಅವನನ್ನು ತಡೆದು, ಅರ್ಧವಲ್ಲ, ಅದೇ ಪೂರ್ತಿ ಎನ್ನುತ್ತಾನೆ.

ಮೇಘಿಯನ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಬುದ್ಧನ ಸೇವೆಯಲ್ಲಿದ್ದ ಈ ಭಿಕ್ಷು ಹೊಳೆಯ ದಡದಲ್ಲಿ ಚೆಂದದ ಮಾವಿನ ತೋಪು ಕಂಡು, ಅಲ್ಲಿ ಒಬ್ಬನೇ ಧ್ಯಾನ ಮಾಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಭಿಕ್ಷು ಬರುವವರೆಗೆ ಇರು ಎಂದು ಬುದ್ಧ ಎರಡು ಸಲ ಹೇಳುತ್ತಾನೆ. ಮೂರನೆಯ ಸಲ, ಹೋಗಪ್ಪ ಎಂದು ಬಿಡುತ್ತಾನೆ. ತೋಪಿನಲ್ಲಿ ಕೂತ ಮೇಘಿಯನಿಗೆ ಕಾಮ, ದ್ವೇಷ, ಹಿಂಸೆಯ ಯೋಚನೆಗಳೇ ಮುತ್ತಿಕೊಳ್ಳುತ್ತವೆ. ಅಷ್ಟು ಒಳ್ಳೆಯ ಜಾಗದಲ್ಲಿ ಹೀಗೇಕಾಯಿತು ಎಂದು ಬೆರಗಾಗಿ ವಾಪಸು ಬರುತ್ತಾನೆ. ಬಲಿಯದ ಮನಸ್ಸು ಮಾಗಲು ಐದು ಸಂಗತಿ ಬೇಕು ಎಂದು ಬುದ್ಧ ಹೇಳುತ್ತಾನೆ. ಮೊದಲನೆಯದು ಒಳ್ಳೆಯ ಮಿತ್ರ.

ಇದನ್ನು ಓದುವಾಗ ನನಗೆ ಬೆಳಗೊಳದ ಬಾಹುಬಲಿಯ ನೆನಪಾಗುತ್ತದೆ. ಧರ್ಮ ಬೇರೆ, ಆದರೆ ಪ್ರಶ್ನೆ ಇದೇ. ಸುಮಾರು 58 ಅಡಿ ಎತ್ತರದ ಆ ಮೂರ್ತಿಯ ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತ ಬೆಳೆದಿದೆ. ಅಷ್ಟು ಕಾಲ ಒಬ್ಬನೇ ನಿಂತರೂ ಜ್ಞಾನಕ್ಕೆ ಒಂದು ಕೂದಲೆಳೆ ಅಡ್ಡಿ ಉಳಿದಿತ್ತು ಎನ್ನುತ್ತದೆ ಕಥೆ. ಒಂದು ಪರಂಪರೆಯ ಕಥೆಯಲ್ಲಿ ಅಣ್ಣ ಭರತ ಬಂದು ನಮಿಸಿದಾಗ ಅದು ಕಳಚುತ್ತದೆ. ಇನ್ನೊಂದು ಪರಂಪರೆಯಲ್ಲಿ ಸೋದರಿಯರಾದ ಬ್ರಾಹ್ಮಿ, ಸುಂದರಿ ಬಂದು, ಆನೆಯಿಂದ ಇಳಿ ಎನ್ನುತ್ತಾರೆ. ಆನೆ ಎಂದರೆ ಅವನ ಅಹಂಕಾರ. ಎರಡರಲ್ಲೂ ಬಾಹುಬಲಿಯ ತಪಸ್ಸು ಮುಗಿಯುವುದಕ್ಕೆ ಇನ್ನೊಬ್ಬರು ನಡೆದು ಬರಬೇಕಾಯಿತು. ನಾವು ಬೆಟ್ಟ ಹತ್ತಿ ಕೈಮುಗಿಯುವುದು ಆ ಒಂಟಿತನಕ್ಕೆ. ಬಂದವರನ್ನು ಅಷ್ಟಾಗಿ ನೆನೆಯುವುದಿಲ್ಲ.

ಹುಡುಕಿದಾಗ ನನಗೆ ಸಿಕ್ಕಿದ್ದು ಒಂದು ಸಣ್ಣ ಗುಂಪು. ಭಾನುವಾರ ಸಂಜೆ ಏಳಕ್ಕೆ ಝೂಮ್‌ನಲ್ಲಿ ಸೇರುತ್ತಾರೆ. ಹನ್ನೆರಡು, ಹದಿನಾಲ್ಕು ಜನ. ಶಿವಮೊಗ್ಗದಲ್ಲಿ ನಿವೃತ್ತರಾಗಿ ಒಬ್ಬರೇ ಇರುವ ಹಿರಿಯರು, ದುಬೈಯಲ್ಲಿ ನರ್ಸ್ ಆಗಿರುವ ಹೆಣ್ಣುಮಗಳು, ಹುಬ್ಬಳ್ಳಿಯ ವಿದ್ಯಾರ್ಥಿ, ಧಾರವಾಡದ ಒಬ್ಬ ಅಜ್ಜಿ, ಅಮೆರಿಕದಲ್ಲಿ ಬೆಳಗಿನ ಕಾಫಿ ಹಿಡಿದು ಕೂರುವ ಇಬ್ಬರು. ನಲವತ್ತು ನಿಮಿಷ ಮೌನ, ಆಮೇಲೆ ಒಂದು ಸುತ್ತದ ಕನ್ನಡ ಓದು, ಆಮೇಲೆ ಮಾತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ನನ್ನ ಚೌಕ ಕಪ್ಪಾಗುತ್ತದೆ. ಎಲ್ಲರೂ ಕಣ್ಣು ಮುಚ್ಚಿರುವಾಗ ಪರದೆ ನೋಡಿದರೆ ನಗು ಬರುತ್ತದೆ, ಹದಿನಾಲ್ಕು ಪಾಸ್‌ಪೋರ್ಟ್ ಫೋಟೋ ಜೋಡಿಸಿಟ್ಟ ಹಾಗೆ.

ಮೂರನೆಯ ತಿಂಗಳಲ್ಲಿ ನಾನು ಹೆಂಡತಿಯ ಪ್ರಶ್ನೆಯನ್ನು ಅಲ್ಲಿ ಹೇಳಿದೆ. ಯಾರೂ ಉಪನ್ಯಾಸ ಕೊಡಲಿಲ್ಲ. ಧಾರವಾಡದ ಅಜ್ಜಿ ಒಂದೇ ಮಾತು ಕೇಳಿದರು: “ತಮ್ಮಾ, ಮನ್ಯಾಗ ಯಾರರ ಅತ್ತರ ನಿನಗ ಮೊದಲಿನಕಿಂತ ಜಲ್ದಿ ಕೇಳಸ್ತದೇನು, ತಡಾಗಿ ಕೇಳಸ್ತದೇನು?” ಉಪೇಕ್ಷೆಯಾದರೆ ಬೇಗ ಕೇಳಿಸಬೇಕು, ಯಾಕೆಂದರೆ ನಡುವೆ ನಮ್ಮದೇ ಗಲಾಟೆ ಇರುವುದಿಲ್ಲ. ಉದಾಸೀನವಾದರೆ ತಡವಾಗಿ ಕೇಳಿಸುತ್ತದೆ. ಒಂಬತ್ತು ವರ್ಷ ನಾನು ಓದಿದ ಪುಸ್ತಕಗಳಲ್ಲಿ ಈ ಅಳತೆಗೋಲು ಸಿಕ್ಕಿರಲಿಲ್ಲ. ಅವರ ಮುಖ ನಾನು ಕಂಡಿರುವುದು ಪರದೆಯ ಮೇಲೆ ಮಾತ್ರ. ಆದರೂ ಆ ಸಂಜೆ ಅವರು ನನಗೆ ಕಲ್ಯಾಣಮಿತ್ರರಾದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ತಿದ್ದುವ ಮಾತಿಗೆ ತಂತಿಯ ಮೇಲೆ ಬಂದರೂ ತೂಕ ಕಡಿಮೆಯಾಗುವುದಿಲ್ಲ. ಕಾರ್ಯಾಲಯದ ಪುಸ್ತಕಗಳನ್ನು ಅಂಚೆಯಲ್ಲಿ ತರಿಸಿಕೊಂಡು ದೂರದ ಹಳ್ಳಿಗಳಲ್ಲಿ ಓದಿದವರೂ ಇದೇ ಥರ ಕಾಣದ ಜೊತೆಯನ್ನು ನಂಬಿದವರೇ ಅಲ್ಲವೇ?

ಆದರೆ ಅಷ್ಟಕ್ಕೇ ಅದು ಸಂಘವಾಯಿತೇ? ಇಲ್ಲಿ ನಾನು ವಿನಯಪಿಟಕದ ಹಳೆಯ ನಿಯಮಗಳ ಕಡೆ ತಿರುಗಿದೆ. ದೂರದ ಸಮಸ್ಯೆ ಬುದ್ಧನ ಕಾಲಕ್ಕೇ ಬಂದಿತ್ತು. ಅವಂತಿ ಸೀಮೆಯಲ್ಲಿ ಸೋಣ ಕುಟಿಕಣ್ಣ ಎಂಬುವನಿಗೆ ಪೂರ್ಣ ದೀಕ್ಷೆ ಕೊಡಲು ಹತ್ತು ಭಿಕ್ಷುಗಳು ಬೇಕಿತ್ತು. ಅಲ್ಲಿ ಇಲ್ಲಿ ಹುಡುಕಿ ಹತ್ತು ಜನರನ್ನು ಕೂಡಿಸಲು ಮೂರು ವರ್ಷ ಹಿಡಿಯಿತು. ಮುಂದೆ ಅವನು ಬುದ್ಧನನ್ನು ಕಾಣಲು ಹೋದಾಗ ಗುರು ಮಹಾಕಚ್ಚಾನರ ಕೋರಿಕೆ ಮುಟ್ಟಿಸಿದ. ಗಡಿನಾಡುಗಳಲ್ಲಿ ಐದು ಜನ ಸಾಕು, ಅವರಲ್ಲಿ ಒಬ್ಬ ವಿನಯ ಬಲ್ಲವನಿದ್ದರಾಯಿತು ಎಂದು ಬುದ್ಧ ನಿಯಮ ಸಡಿಲಿಸಿದ. ಅಲ್ಲಿನ ನೆಲ ದನದ ಗೊರಸು ತುಳಿದು ಒರಟಾಗಿದೆ ಎಂದು ದಪ್ಪ ಅಟ್ಟೆಯ ಚಪ್ಪಲಿಗೂ ಒಪ್ಪಿಗೆ ಕೊಟ್ಟ. ಕೇಂದ್ರದಿಂದ ದೂರ ಇರುವವರಿಗೆ ನಿಯಮ ಬೇರೆ ಇರಬಹುದು ಎಂಬುದು ಎಷ್ಟು ಹಳೆಯ ತಿಳಿವಳಿಕೆ! ಅರಕಲಗೂಡಿನವನು ಪರದೆಯ ಮೇಲೆ ಜೊತೆ ಹುಡುಕಿದರೆ ಬುದ್ಧ ಮುಖ ಸಿಂಡರಿಸುತ್ತಿರಲಿಲ್ಲ ಎಂದು ನನಗೆ ಧೈರ್ಯ ಬಂದದ್ದು ಇದರಿಂದ.

ಇನ್ನೊಂದು ನಿಯಮ ಮಾತ್ರ ಆ ಧೈರ್ಯಕ್ಕೆ ಕಡಿವಾಣ ಹಾಕುತ್ತದೆ. ಹದಿನೈದು ದಿನಕ್ಕೊಮ್ಮೆ ಉಪೋಸಥದ ದಿನ ಒಂದು ಸೀಮೆಯೊಳಗಿನ ಭಿಕ್ಷುಗಳೆಲ್ಲ ಒಟ್ಟಿಗೆ ಸೇರಬೇಕು. ಕಾಯಿಲೆಯವನು ಬರಲಾಗದಿದ್ದರೆ, ತಾನು ಶುದ್ಧನಾಗಿದ್ದೇನೆ ಎಂಬ ಮಾತನ್ನು ಇನ್ನೊಬ್ಬ ಭಿಕ್ಷುವಿನ ಮೂಲಕ ಹೇಳಿಕಳಿಸಬಹುದು. ಇಲ್ಲಿಯವರೆಗೆ ನಮ್ಮ ಝೂಮ್ ಗುಂಪಿಗೆ ಸರಿಯೇ. ಹಾಗೆ ಹೇಳಿಕಳಿಸಲೂ ಆಗದಿದ್ದರೆ? ಅವನನ್ನು ಮಂಚದ ಸಮೇತ ಸಭೆಗೆ ಹೊತ್ತು ತರಬೇಕು. ಹೊತ್ತರೆ ಕಾಯಿಲೆ ಹೆಚ್ಚುತ್ತದೆ ಎಂದಾದರೆ? ಇಡೀ ಸಂಘವೇ ಎದ್ದು ಅವನಿದ್ದಲ್ಲಿಗೆ ಹೋಗಬೇಕು. ಒಬ್ಬನನ್ನು ಬಿಟ್ಟು ಉಳಿದವರು ಸೇರುವಂತಿಲ್ಲ.

ಇದರ ಜೊತೆ ಓದಬೇಕಾದ ಪ್ರಸಂಗ ಮಹಾವಗ್ಗದಲ್ಲೇ ಇದೆ. ಬುದ್ಧ, ಆನಂದ ಇಬ್ಬರೂ ವಸತಿಗಳನ್ನು ನೋಡುತ್ತ ಬರುವಾಗ ಹೊಟ್ಟೆ ಕೆಟ್ಟು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವೊಬ್ಬ ಕಾಣುತ್ತಾನೆ. ಯಾರೂ ಅವನನ್ನು ನೋಡಿಕೊಳ್ಳುತ್ತಿಲ್ಲ. ಆನಂದ ನೀರು ತರುತ್ತಾನೆ, ಬುದ್ಧ ಸುರಿಯುತ್ತಾನೆ, ಇಬ್ಬರೂ ಸೇರಿ ತೊಳೆದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಉಳಿದವರನ್ನು ಕರೆದು ವಿಚಾರಿಸಿದರೆ, ಅವನು ನಮಗೆ ಯಾರಿಗೂ ಏನೂ ಮಾಡುವವನಲ್ಲ, ಅದಕ್ಕೆ ನಾವೂ ನೋಡಲಿಲ್ಲ ಎನ್ನುತ್ತಾರೆ. ಅಪ್ಪ ಅಮ್ಮನನ್ನು ಬಿಟ್ಟು ಬಂದ ನೀವು ಒಬ್ಬರನ್ನೊಬ್ಬರು ನೋಡದಿದ್ದರೆ ಇನ್ನಾರು ನೋಡಬೇಕು ಎಂಬುದು ಬುದ್ಧನ ಮಾತಿನ ಸಾರ. ಆ ವಸತಿಯಲ್ಲಿದ್ದವರೆಲ್ಲ ಧ್ಯಾನ ಬಲ್ಲವರೇ. ಪಕ್ಕದ ಕೋಣೆಯವರೇ. ಹತ್ತಿರವಿದ್ದ ಮಾತ್ರಕ್ಕೆ ಸಂಘವಾಗುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಕಳೆದ ವರ್ಷ ಜುಲೈನಲ್ಲಿ ಶಿವಮೊಗ್ಗದ ಹಿರಿಯರು ಎರಡು ಭಾನುವಾರ ಬರಲಿಲ್ಲ. ಫೋನ್ ಸ್ವಿಚ್ ಆಫ್. ಮೂರು ವರ್ಷದಿಂದ ಅವರ ಜೊತೆ ಮೌನ ಕೂತವರು ಗುಂಪಿನಲ್ಲಿದ್ದರು. ಅವರ ಬೆನ್ನುನೋವು, ಅವರ ಭಯ, ತೀರಿಹೋದ ಹೆಂಡತಿಯ ಬಗ್ಗೆ ಅವರು ಹೇಳಿದ್ದು ಎಲ್ಲ ನಮಗೆ ಗೊತ್ತಿತ್ತು. ಅವರ ಮನೆ ಯಾವ ಬೀದಿಯಲ್ಲಿದೆ ಎಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಹುಡುಗನ ಚಿಕ್ಕಪ್ಪ ಭದ್ರಾವತಿಯಲ್ಲಿದ್ದರು. ಹಿರಿಯರು ಯಾವಾಗಲೋ ಹೇಳಿದ್ದ ಒಂದು ಬೇಕರಿಯ ಗುರುತು ಹಿಡಿದು ಅವರು ಹುಡುಕಿಕೊಂಡು ಹೋದರು. ಹಿರಿಯರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಅವರನ್ನು ಎತ್ತಿ ಆಟೋಗೆ ಹಾಕಿದ್ದು, ಎರಡು ವಾರ ಊಟ ಸಾಗಿಸಿದ್ದು ಪಕ್ಕದ ಮನೆಯವರು. ಧ್ಯಾನ ಎಂದರೆ ಏನೆಂದು ಕೇಳಿಯೂ ಇರದ ಜನ.

ಮುಂದಿನ ಭಾನುವಾರ ಸುತ್ತ ಓದಲಿಲ್ಲ, ಇದರ ಬಗ್ಗೆಯೇ ಮಾತಾಡಿದೆವು. ಪರದೆಯ ಗುಂಪಿನಲ್ಲಿ ಇರುವುದು ಬಹಳ ಸಲೀಸು. ಬೇಡವಾದಾಗ ಕ್ಯಾಮೆರಾ ಆಫ್ ಮಾಡಬಹುದು. ಯಾರಾದರೂ ಹಿಡಿಸದಿದ್ದರೆ ಒಂದು ಬಟನ್ ಒತ್ತಿ ಹೊರಗೆ ಹೋಗಬಹುದು. ನಮ್ಮಂತೆ ಓದಿದವರು, ನಮ್ಮಂತೆ ಮಾತಾಡುವವರು ಮಾತ್ರ ಅಲ್ಲಿ ಸೇರಿರುತ್ತಾರೆ. ಕೌಶಾಂಬಿಯ ಭಿಕ್ಷುಗಳು ಬಚ್ಚಲಿನ ಪಾತ್ರೆಯಲ್ಲಿ ಉಳಿದ ನೀರಿನ ವಿಷಯಕ್ಕೆ ಜಗಳ ತೆಗೆದು ಎರಡು ಪಂಗಡವಾದರು, ಬುದ್ಧನೇ ಬೇಸತ್ತು ಕಾಡಿಗೆ ಹೋದ ಎಂದು ಅಟ್ಟಕಥೆ ಹೇಳುತ್ತದೆ. ಅಂಥ ಜಗಳ ನಮ್ಮ ಗುಂಪಿನಲ್ಲಿ ಸಾಧ್ಯವೇ ಇಲ್ಲ, ಏಕೆಂದರೆ ನಮ್ಮದೊಂದು ಬಚ್ಚಲಿಲ್ಲ. ಜಗಳವಿಲ್ಲದಿರುವುದು ನಮ್ಮ ಸಾಧನೆಯ ಫಲ ಎಂದುಕೊಳ್ಳುವ ಹಾಗಿಲ್ಲ. ಕೊನೆಗೆ ಒಂದು ತೀರ್ಮಾನ ಮಾಡಿದೆವು. ಪ್ರತಿಯೊಬ್ಬರೂ ತಮ್ಮ ವಿಳಾಸ ಮತ್ತು ಒಬ್ಬ ನೆರೆಯವರ ನಂಬರು ಕೊಡಬೇಕು. ಕೊಡಲು ನೆರೆಯವರ ನಂಬರೇ ಇಲ್ಲದಿದ್ದರೆ ಮೊದಲು ನೆರೆಯವರ ಪರಿಚಯ ಮಾಡಿಕೊಳ್ಳಬೇಕು. ಮೂವರು ಹಾಗೆ ಮಾಡಬೇಕಾಯಿತು.

ಇನ್ನು ನನ್ನ ಊರಿನ ಮಾತು. ನಮ್ಮ ತಾಲ್ಲೂಕುಗಳಲ್ಲಿ ಬುದ್ಧನ ಚಿತ್ರ ತೂಗುಹಾಕಿರುವ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ದಲಿತರ ಕಾಲೋನಿಯ ಕಡೆ ಕೈತೋರಿಸುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ದೀಕ್ಷೆ ತೆಗೆದುಕೊಂಡರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದ ಪೀಠಿಕೆಯಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ಬುದ್ಧ ಭಿಕ್ಷುವನ್ನು ಸೃಷ್ಟಿಸಿದ್ದು ತನ್ನ ಪಾಡಿಗೆ ಪರಿಪೂರ್ಣನಾಗಲೆಂದೋ, ಜನರ ಸೇವೆಗೆಂದೋ? ಮೊದಲನೆಯದಷ್ಟೇ ಆದರೆ ಬೌದ್ಧಧರ್ಮಕ್ಕೆ ಭವಿಷ್ಯವಿಲ್ಲ ಎಂಬುದು ಅವರ ನಿಲುವು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಬೌದ್ಧರೆಂದು ಬರೆಸಿದವರು ಸುಮಾರು 95 ಸಾವಿರ. ಬರೆಸದೆಯೂ ಮನೆಯಲ್ಲಿ ಬುದ್ಧನಿಗೆ ದೀಪ ಹಚ್ಚುವವರು ಎಷ್ಟೋ ಮಂದಿ ಇದ್ದಾರೆ.

ಒಂದು ಬುದ್ಧಪೂರ್ಣಿಮೆಯ ದಿನ ನಾನು ನಮ್ಮೂರಿನ ಅಂಬೇಡ್ಕರ್ ಭವನಕ್ಕೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ನನ್ನ ಭಾನುವಾರದ ಗುಂಪಿನ ವಿಷಯ ಕೇಳಿ ನಕ್ಕ. “ಸಾರ್, ಬುದ್ಧನ್ನ ಅಮೆರಿಕದವರ ಜೊತೆ ಸೇರಿ ಹುಡುಕ್ತಿದೀರಾ. ನಾವ್ ಇಲ್ಲೇ ಎರಡ್ ಬೀದಿ ಆಚೆ ಇದೀವಲ್ಲ ಸಾರ್” ಎಂದ. ಗೌರವದಿಂದಲೇ ಹೇಳಿದ. ಆ ಎರಡು ಬೀದಿಯ ದೂರ ಎಂಥದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಅಳೆಯುವುದು ಹೆಜ್ಜೆಯಿಂದಲ್ಲ. ಅಂತರ್ಜಾಲ ದುಬೈಯನ್ನೂ ಅಮೆರಿಕವನ್ನೂ ಒಂದು ಕ್ಷಣದಲ್ಲಿ ಹತ್ತಿರ ತರುತ್ತದೆ. ಜಾತಿಯ ಎರಡು ಬೀದಿಯನ್ನು ತಾನಾಗಿ ಹತ್ತಿರ ತರುವುದಿಲ್ಲ, ಅದಕ್ಕೆ ಎದ್ದು ನಡೆಯಬೇಕು.

ಅಲ್ಲಿ ಧ್ಯಾನ ಇರಲಿಲ್ಲ. ತ್ರಿಶರಣ, ಪಂಚಶೀಲ ಹೇಳಿದರು. ಆಮೇಲೆ ಒಂದು ಹುಡುಗಿಯ ಹಾಸ್ಟೆಲ್ ಸೀಟಿನ ತೊಂದರೆ, ಒಬ್ಬರ ಆಪರೇಷನ್‌ಗೆ ಹಣ ಹೊಂದಿಸುವ ವಿಷಯ. ನಮ್ಮ ಗುಂಪಿನಲ್ಲಿ ಮೂರು ವರ್ಷದಲ್ಲಿ ಬಾರದ ಮಾತುಗಳು ಅಲ್ಲಿ ಅರ್ಧ ಗಂಟೆಯಲ್ಲಿ ಬಂದವು. ನನಗೆ ಅವರಂತೆ ಪಾಳಿ ವಂದನೆ ಬಾಯಿಪಾಠ ಇರಲಿಲ್ಲ. ಅವರಲ್ಲಿ ಕೆಲವರಿಗೆ ಉಸಿರನ್ನು ಗಮನಿಸುತ್ತ ಕೂರುವುದನ್ನು ಕಲಿಯುವ ಆಸೆ ಇತ್ತು. ಈಗ ತಿಂಗಳಿಗೊಮ್ಮೆ ಹುಣ್ಣಿಮೆಯ ಸಂಜೆ ಭವನದಲ್ಲಿ ಇಪ್ಪತ್ತು ನಿಮಿಷ ಕೂರುತ್ತೇವೆ. ನಾಲ್ಕೈದು ಜನ ಬರುತ್ತಾರೆ. ಹೊರಗೆ ಆಟೋದವರ ಹಾಡು, ಒಳಗೆ ಸೊಳ್ಳೆ. ಕೂತಾದ ಮೇಲೆ ಬೇರೆ ಕೆಲಸದ ಮಾತು. ಹೋದ ತಿಂಗಳು ಒಬ್ಬರ ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವ ಸರದಿ ನನ್ನದಾಗಿತ್ತು. ಅವತ್ತು ಭಾನುವಾರ, ಝೂಮ್ ತಪ್ಪಿತು. ಹೀಗಾಯಿತು ಎಂದು ವಾಟ್ಸಾಪಿನಲ್ಲಿ ತಿಳಿಸಿದೆ. “ಛಲೋ ಆತು” ಎಂದು ಧಾರವಾಡದ ಅಜ್ಜಿ ಉತ್ತರಿಸಿದರು.

ಹಾಗಾಗಿ ಒಬ್ಬನೇ ಕೂತು ಬೇಸತ್ತು, ದೂರದ ಜೊತೆ ಹುಡುಕುವವರಿಗೆ ಅದು ಸುಳ್ಳು ಸಂಘ ಎಂದು ನಾನು ಹೇಳಲಾರೆ. ನನ್ನನ್ನು ತಿದ್ದಿದ್ದು ಅದೇ. ಆದರೆ ಅದನ್ನು ಒರೆಗೆ ಹಚ್ಚಿ ನೋಡಲು ಒಂದು ದಾರಿ ಇದೆ ಎಂದು ಮಾತ್ರ ಹೇಳಬಲ್ಲೆ. ಆ ಗುಂಪಿನಲ್ಲಿ ಎರಡು ವರ್ಷ ಕೂತ ಮೇಲೆ ನಿಮ್ಮ ಪಕ್ಕದ ಮನೆಯವರ ಬಗ್ಗೆ ನಿಮಗೆ ಹೆಚ್ಚು ಗೊತ್ತಾಗಿದೆಯೋ, ಕಡಿಮೆಯೋ ನೋಡಿಕೊಳ್ಳಿ. ಹೆಚ್ಚಾಗಿದ್ದರೆ ಪರದೆಯ ಆಚೆ ಇರುವವರು ನಿಮ್ಮ ಕಲ್ಯಾಣಮಿತ್ರರು. ಕಡಿಮೆಯಾಗಿದ್ದರೆ, ಮೇಘಿಯನ ಮಾವಿನ ತೋಪಿನಲ್ಲಿ ಹದಿನಾಲ್ಕು ಜನ ಬೇರೆ ಬೇರೆ ಮರದ ಕೆಳಗೆ ಕೂತಿದ್ದೀರಿ, ಅಷ್ಟೇ.

ಹೆಂಡತಿಯ ಪ್ರಶ್ನೆಗೆ ನಾನು ಇನ್ನೂ ಬಾಯಿಬಿಟ್ಟು ಉತ್ತರ ಕೊಟ್ಟಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವಳು ಅವಳೇ. ಈಚೆಗೆ ಅವಳು ಕೇಳುವ ಪ್ರಶ್ನೆ ಬೇರೆ: “ಹುಣ್ಣಿಮೆ ದಿನ ಭವನಕ್ಕೆ ನಾನೂ ಬರ್ಬೋದಾ?”